ಕೇಕು ನಡುವೆ ಯಾಕೆ ಉಬ್ಬುತ್ತೆ?

ಮಗುವಿನ ಹುಟ್ಟುಹಬ್ಬಕ್ಕೆ ನೀವೇ ಎರಡು ಕೇಕು ಮಾಡಿದಿರಿ. ನೋಡಿದರೆ ನಡುವೆ ಗುಡ್ಡದ ಹಾಗೆ ಉಬ್ಬಿದೆ. ಮೇಲೆ ಬಿರುಕು ಬಿಟ್ಟಿದೆ. ಒಂದರ ಮೇಲೊಂದು ಇಟ್ಟರೆ ಜಾರುತ್ತೆ. ಉಬ್ಬಿದ್ದನ್ನು ಕೊಯ್ದು ತೆಗೆದರೆ ಮೈದಾ, ಸಕ್ಕರೆ, ಬೆಣ್ಣೆ ಎಲ್ಲ ದಂಡ. ಮಾರುವವರಿಗಂತೂ ನಷ್ಟ.

ಹೀಗೆ ಯಾಕಾಗುತ್ತೆ?

ಡಬ್ಬಿಯ ತಗಡು ಬೇಗ ಕಾಯುತ್ತದೆ. ಅದಕ್ಕೆ ತಾಗಿದ ಹಿಟ್ಟು ಮೊದಲು ಬೆಂದು ಗಟ್ಟಿಯಾಗುತ್ತದೆ. ನಡುವಿನ ಹಿಟ್ಟು ಇನ್ನೂ ಹಸಿ. ಅದು ಉಬ್ಬುತ್ತಲೇ ಇರುತ್ತದೆ. ಪಕ್ಕಕ್ಕೆ ಜಾಗವಿಲ್ಲ, ಮೇಲಕ್ಕೇ ಏಳುತ್ತದೆ.

ಏನು ಮಾಡಬೇಕು?

1. ಉರಿ ಸಣ್ಣಗಿರಲಿ. ಓವನ್ ಇದ್ದರೆ 160 ಡಿಗ್ರಿ ಸಾಕು. ಇಲ್ಲದಿದ್ದರೆ ದಪ್ಪ ತಳದ ಪಾತ್ರೆಗೆ ಮರಳು ಹಾಕಿ. ಅದರೊಳಗೆ ಡಬ್ಬಿ ಇಟ್ಟು, ಮುಚ್ಚಿ ಬೇಯಿಸಿ. ಅವಸರ ಬೇಡ.

2. 100 ಗ್ರಾಂ ಮೈದಾಕ್ಕೆ 1 ಚಹಾ ಚಮಚ ಬೇಕಿಂಗ್ ಪೌಡರ್ ಸಾಕು. ಜಾಸ್ತಿ ಹಾಕಿದರೆ ಕೇಕು ಉಬ್ಬಿ, ಆಮೇಲೆ ಕುಸಿಯುತ್ತೆ.

3. ಮೈದಾ ಹಾಕಿದ ಮೇಲೆ ತುಂಬಾ ಕಲಸಬೇಡಿ. ಕಲಸಿದಷ್ಟೂ ಹಿಟ್ಟು ಜಿಗುಟಾಗುತ್ತೆ.

4. ಎರಡು ಡಬ್ಬಿಗೂ ಹಿಟ್ಟನ್ನು ತೂಕ ಮಾಡಿ ಸಮನಾಗಿ ಹಾಕಿ. ಚಮಚದಿಂದ ಹಿಟ್ಟನ್ನು ಅಂಚಿನ ಕಡೆ ಸರಿಸಿ. ನಡುವೆ ಸ್ವಲ್ಪ ತಗ್ಗು ಇರಲಿ.

5. ಹತ್ತಿ ಬಟ್ಟೆಯ ಪಟ್ಟಿಯನ್ನು ಒದ್ದೆ ಮಾಡಿ, ದಪ್ಪಗೆ ಮಡಚಿ, ಡಬ್ಬಿಯ ಸುತ್ತ ಕಟ್ಟಿ. ಆಗ ಅಂಚು ನಿಧಾನವಾಗಿ ಕಾಯುತ್ತದೆ. ಅಂಚು, ನಡು ಎರಡೂ ಒಟ್ಟಿಗೆ ಏಳುತ್ತವೆ. ನೈಲಾನ್ ಬಟ್ಟೆ ಬೇಡವೇ ಬೇಡ, ಕರಗುತ್ತೆ. ಬಟ್ಟೆ ಉರಿಗೆ ತಾಗಬಾರದು.

ನಡುವೆ ಕಡ್ಡಿ ಚುಚ್ಚಿ ನೋಡಿ. ಹಿಟ್ಟು ಅಂಟದಿದ್ದರೆ ಬೆಂದಿದೆ ಅಂತ ತಿಳಿಯಿರಿ.

ಇಷ್ಟು ಮಾಡಿಯೂ ಚೂರು ಉಬ್ಬಿದರೆ ಚಿಂತೆ ಬೇಡ. ಪೂರ್ತಿ ಆರಿದ ಮೇಲೆ ತೆಳ್ಳಗೆ ಕೊಯ್ಯಿರಿ. ಬಿಸಿಯಲ್ಲಿ ಕೊಯ್ದರೆ ಪುಡಿಯಾಗುತ್ತೆ. ಕೊಯ್ದ ಚೂರು ಮಕ್ಕಳಿಗೆ ಕೊಡಿ.