ಕೂದಲೆಳೆಯ ಹೊಲಿಗೆ

ಐದನೇ ತಿಂಗಳ ಸ್ಕ್ಯಾನಿಂಗ್ ರಿಪೋರ್ಟಿನಲ್ಲಿ ‘ಮಗುವಿನ ಎಡ ಕಿಡ್ನಿ ಊದಿದೆ’ ಎಂಬ ಸಾಲಿದ್ದರೆ ಆ ರಾತ್ರಿ ಮನೆಮಂದಿಗೆಲ್ಲ ಜಾಗರಣೆ. ಹೀಗೆ ಊದಿದ ಕಿಡ್ನಿಗಳಲ್ಲಿ ಬಹುಪಾಲು ತಾವಾಗಿಯೇ ಸರಿಹೋಗುತ್ತವೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ.

ಉಳಿದ ಕೆಲವು ಕೂಸುಗಳಲ್ಲಿ ತೊಡಕಿರುವುದು ಕಿಡ್ನಿಯ ಬಾಯಲ್ಲಿ. ಮೂತ್ರ ತುಂಬುವ ಆಲಿಕೆಯಂಥ ಚೀಲಕ್ಕೆ ಕೆಳಗಿಳಿಯುವ ನಾಳ ಕೂಡುವ ಜಾಗ ಹುಟ್ಟಿನಿಂದಲೇ ಕಿರಿದು. ಡಾಕ್ಟರುಗಳ ಮಾತಿನಲ್ಲಿ ಇದು ‘ಪಿಯುಜೆ ಬ್ಲಾಕ್’. ಗಂಡುಮಕ್ಕಳಲ್ಲಿ ಹೆಚ್ಚು, ಅದರಲ್ಲೂ ಎಡಗಡೆ. ಹರಿಯದೆ ನಿಂತ ಮೂತ್ರ ಹಿಂದಕ್ಕೊತ್ತಿ ಕಿಡ್ನಿಯ ತಿರುಳನ್ನು ಸವೆಸುತ್ತದೆ. ಯಾವ ಕಿಡ್ನಿ ಎಷ್ಟು ಪಾಲು ಕೆಲಸ ಮಾಡುತ್ತಿದೆ ಎಂದು ರೀನೋಗ್ರಾಮ್ ಎಂಬ ಪರೀಕ್ಷೆ ಹೇಳುತ್ತದೆ. ಊದಿದ ಕಿಡ್ನಿಯ ಪಾಲು ಶೇ 40ಕ್ಕಿಂತ ಕೆಳಗಿದ್ದರೆ, ಇಲ್ಲವೇ ಇಳಿಯುತ್ತಲೇ ಹೋದರೆ ಆಪರೇಷನ್ನಿನ ಮಾತು ಬರುತ್ತದೆ.

ಅದರ ವಿಧಾನ ಹಳೆಯದು. ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಆಂಡರ್ಸನ್ ಮತ್ತು ಹೈನ್ಸ್ 1949ರಲ್ಲಿ ಪ್ರಕಟಿಸಿದ್ದು. ಹೈನ್ಸ್ ಪ್ಲಾಸ್ಟಿಕ್ ಸರ್ಜನ್; ಇದರಲ್ಲೊಂದು ದರ್ಜಿಯ ಬುದ್ಧಿ ಕಾಣುವುದು ಅದಕ್ಕೇ ಇರಬೇಕು. ಕಿರಿದಾದ ತುಂಡನ್ನು ಕತ್ತರಿಸಿ, ನಾಳದ ಬಾಯನ್ನು ಉದ್ದಕ್ಕೆ ಸೀಳಿ ಅಗಲ ಮಾಡಿ, ಚೀಲಕ್ಕೆ ಮತ್ತೆ ಹೊಲಿಯುವುದು. ಇಂದಿಗೂ ಹೊಲಿಗೆ ಅದೇ, ಬದಲಾದದ್ದು ಒಳಹೋಗುವ ದಾರಿ. ಮಕ್ಕಳಲ್ಲಿ ಇದನ್ನು ಲ್ಯಾಪರೊಸ್ಕೋಪಿಯಿಂದ, ಅಂದರೆ ಸಣ್ಣ ತೂತುಗಳ ಮೂಲಕ ಕ್ಯಾಮೆರಾ ಇಳಿಸಿ, ಮಾಡಿದ ಮೊದಲ ವರದಿ 1995ರಲ್ಲಿ ಅಮೆರಿಕದ ಕ್ರೇಗ್ ಪೀಟರ್ಸ್ ಮತ್ತು ಸಂಗಡಿಗರಿಂದ ಬಂತು.

ಕೂಸನ್ನು ಮಗ್ಗುಲಾಗಿ ಮಲಗಿಸಿ, ಹೊಟ್ಟೆಯೊಳಗೆ ಕಾರ್ಬನ್ ಡೈಆಕ್ಸೈಡನ್ನು ಮೆಲ್ಲಗೆ ತುಂಬುತ್ತಾರೆ. ಒತ್ತಡ ಹೆಚ್ಚಾದರೆ ಎಳೆಯ ಉಸಿರಿಗೆ ಕಷ್ಟ. ಹೆಸರುಕಾಳು ತೂರುವಷ್ಟು ತೂತುಗಳಲ್ಲಿ 3 ಮಿ.ಮೀ. ದಪ್ಪದ ಸಲಕರಣೆಗಳು ಒಳಗಿಳಿಯುತ್ತವೆ. ಕಣ್ಣು ಪರದೆಯ ಮೇಲೆ. ಕೈ ಎಡಕ್ಕೆ ಹೋದರೆ ಒಳಗಿನ ತುದಿ ಬಲಕ್ಕೆ. ದಾರವೋ, ತಲೆಗೂದಲಿನಷ್ಟು ಸಪುರ. ಎಳೆಯ ನಾಳವನ್ನು ಇಕ್ಕಳದಲ್ಲಿ ಹಿಡಿದರೆ ನಲುಗುತ್ತದೆ. ಅದಕ್ಕೆ ಜಾಣ ಸರ್ಜನ್ ಕೆಟ್ಟ ತುಂಡನ್ನು ಕೂಡಲೇ ಎಸೆಯುವುದಿಲ್ಲ. ಹೊಲಿಗೆ ಮುಗಿಯುವವರೆಗೂ ಅದನ್ನೇ ಹಿಡಿಯಾಗಿ ಬಳಸುತ್ತಾನೆ. ನನಗೆ ತುಂಬ ಹಿಡಿಸಿದ ಸಂಗತಿ ಇದು.

ಹಾಗೆಂದು ತೂತಿನ ಆಪರೇಷನ್ನೇ ಶ್ರೇಷ್ಠವೆಂದು ಹಟ ಹಿಡಿಯಬೇಡಿ. ತೀರಾ ಎಳೆಯ ಕೂಸಿಗೆ ಪಕ್ಕೆಯಲ್ಲಿ ಸಣ್ಣ ಗೀರು ಹಾಕಿ ಮಾಡುವ ಹಳೆಯ ಪದ್ಧತಿಯ ಫಲಿತಾಂಶವೂ ಅಷ್ಟೇ ಚೆನ್ನ. ಎರಡರಲ್ಲೂ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಮಕ್ಕಳಿಗೆ ಗುಣವಾಗುತ್ತದೆ. ಸರ್ಜನ್ನಿಗೆ ಯಾವುದು ಕೈಪಳಗಿದೆಯೋ ಅದೇ ಸರಿ.

ಹೊಲಿಗೆ ಮಾಗುವ ತನಕ ನಾಳದೊಳಗೆ ಸಾಮಾನ್ಯವಾಗಿ ‘ಡಿಜೆ ಸ್ಟೆಂಟ್’ ಎಂಬ ಮೆದು ಕೊಳವೆ ಇಟ್ಟಿರುತ್ತಾರೆ. ಅದನ್ನು ತೆಗೆಸಬೇಕಾದದ್ದು ನಾಲ್ಕಾರು ವಾರಗಳಲ್ಲಿ. ಮಗು ನಗುನಗುತ್ತಾ ಆಡತೊಡಗಿದ ಮೇಲೆ ಇದು ಮರೆತೇಹೋಗುವುದುಂಟು. ಮರೆತ ಸ್ಟೆಂಟಿನ ಸುತ್ತ ಕಲ್ಲು ಕಟ್ಟುತ್ತದೆ. ಡಿಸ್‌ಚಾರ್ಜ್ ಆಗುವ ದಿನವೇ ತೆಗೆಸುವ ತಾರೀಕನ್ನು ಕೇಳಿ, ಗೋಡೆಯ ಕ್ಯಾಲೆಂಡರಿನಲ್ಲಿ ಕೆಂಪು ಶಾಯಿಯಲ್ಲಿ ಗುರುತು ಹಾಕಿಡಿ.