ಹತೆರುಮ: ನದಿಯಿಲ್ಲದ ದ್ವೀಪದ ತಿಳಿಗಡಲು

ಜಪಾನಿನಲ್ಲಿ ಜನ ವಾಸಿಸುವ ದ್ವೀಪಗಳ ಪೈಕಿ ಎಲ್ಲಕ್ಕಿಂತ ದಕ್ಷಿಣದಲ್ಲಿರುವುದು ಹತೆರುಮ. ಒಕಿನಾವಾ ಪ್ರಾಂತ್ಯದ ಯಾಯೆಯಾಮ ದ್ವೀಪಸಮೂಹಕ್ಕೆ ಸೇರಿದ ಇದರ ವಿಸ್ತೀರ್ಣ ಸುಮಾರು 12.7 ಚದರ ಕಿಲೋಮೀಟರ್. ಜನಸಂಖ್ಯೆ ಐನೂರರ ಆಸುಪಾಸು. ಕರ್ಕಾಟಕ ಸಂಕ್ರಾಂತಿ ವೃತ್ತದಿಂದ ತುಸುವೇ ಉತ್ತರಕ್ಕಿರುವ ಈ ದ್ವೀಪದ ವಾಯವ್ಯ ಅಂಚಿನಲ್ಲಿ ನಿಶಿಹಾಮ ಎಂಬ ಕಡಲತೀರವಿದೆ. ಬಂದರಿನಿಂದ ಅಲ್ಲಿಗೆ ನಡೆದೇ ಹೋಗಬಹುದು.

ನಿಶಿಹಾಮದ ನೀರಿನ ಬಣ್ಣಕ್ಕೆ ಜಪಾನಿನಲ್ಲಿ ‘ಹತೆರುಮ ಬ್ಲೂ’ ಎಂದೇ ಹೆಸರು. ದಡದಲ್ಲಿ ಬಣ್ಣವಿಲ್ಲದ ಗಾಜಿನಂಥ ನೀರು ಒಳಗೆ ಹೋದಂತೆ ತೆಳುಹಸಿರಾಗಿ, ಹವಳದಿಬ್ಬದ ಆಚೆ ಕಡುನೀಲಿಯಾಗುತ್ತದೆ. ಈ ಬಣ್ಣದ ಗುಟ್ಟು ನೆಲದಲ್ಲಿದೆ. ಹತೆರುಮ ಇಡಿಯಾಗಿ ಸಮುದ್ರದಿಂದ ಮೇಲೆದ್ದ ಹವಳದ ಸುಣ್ಣಕಲ್ಲಿನ ದ್ವೀಪ. ಅತಿ ಎತ್ತರದ ಜಾಗವೂ 60 ಮೀಟರ್ ಮೀರುವುದಿಲ್ಲ. ಬಿದ್ದ ಮಳೆ ಕಲ್ಲಿನ ರಂಧ್ರಗಳಲ್ಲಿ ಇಂಗಿಹೋಗುವುದರಿಂದ ಇಲ್ಲಿ ನದಿಯೇ ಹುಟ್ಟಿಲ್ಲ. ನದಿಯಿಲ್ಲವಾದ್ದರಿಂದ ಕಡಲಿಗೆ ಕೆಂಪು ನೀರು, ಕೆಸರು ತಂದು ಸುರಿಯುವವರಿಲ್ಲ. ತಳದ ಮರಳೂ ಬೆಟ್ಟದಿಂದ ಬಂದದ್ದಲ್ಲ. ಅಲೆಗಳು ಒಡೆದ, ಗಿಳಿಕೊಕ್ಕಿನಂಥ ಬಾಯಿಯ ಮೀನುಗಳು ಕಚ್ಚಿ ಪುಡಿಮಾಡಿದ ಹವಳ ಮತ್ತು ಚಿಪ್ಪಿನ ಚೂರು. ಆ ಬಿಳಿಯ ಹಾಸಿನ ಮೇಲೆ ಬಿಸಿಲು ಬಿದ್ದು ಮರಳಿ ಬರುವಾಗ ಮೂಡುವುದೇ ಈ ನೀಲಿ.

ತೀರದ ಮಗ್ಗುಲಲ್ಲಿ ಹೋಟೆಲುಗಳ ಸಾಲಿಲ್ಲ, ಅಂಗಡಿಗಳ ಗದ್ದಲವಿಲ್ಲ. ಶೌಚಾಲಯ, ಸ್ನಾನಕ್ಕೊಂದು ವ್ಯವಸ್ಥೆ, ಬಿಸಿಲು ತಡೆಯಲು ಒಂದಿಷ್ಟು ನೆರಳು, ಇಷ್ಟೇ. ಡೇರೆ ಹಾಕಿ ತಂಗುವುದಕ್ಕೆ ದ್ವೀಪದಲ್ಲಿ ಅನುಮತಿಯಿಲ್ಲ. ತೀರದ ಶಾಂತಿ ಉಳಿದಿರುವುದಕ್ಕೆ ಈ ಕಟ್ಟುನಿಟ್ಟೂ ಒಂದು ಕಾರಣವೆನ್ನಬೇಕು. ಈಜುಗನ್ನಡಕ ಮತ್ತು ಉಸಿರುಕೊಳವೆ ಇದ್ದರೆ ದಡದಿಂದ ಸ್ವಲ್ಪವೇ ಈಜಿ ಹವಳದ ಗುಂಪುಗಳನ್ನೂ ಅವುಗಳ ನಡುವಿನ ಮೀನುಗಳನ್ನೂ ನೋಡಬಹುದು. ಆದರೆ ಶಾಂತವಾಗಿ ಕಾಣುವ ಈ ನೀರು ನಿರಪಾಯಕಾರಿಯಲ್ಲ. ಹವಳದಿಬ್ಬದಲ್ಲಿ ಅಲ್ಲಲ್ಲಿ ಕಂಡಿಗಳಿದ್ದು, ಇಳಿತದ ಹೊತ್ತಿನಲ್ಲಿ ಒಳಗಿನ ನೀರೆಲ್ಲ ಅವುಗಳ ಮೂಲಕ ರಭಸದಿಂದ ಹೊರನುಗ್ಗುತ್ತದೆ. ಜೀವರಕ್ಷಕರನ್ನು ನೆಚ್ಚಿಕೊಂಡು ಇಳಿಯುವ ತೀರ ಇದಲ್ಲ. ಉಬ್ಬರವಿಳಿತದ ವೇಳೆಯನ್ನು ತಂಗಿದ ಮನೆಯ ಯಜಮಾನರಲ್ಲಿ ಕೇಳಿಕೊಂಡೇ ಹೊರಡುವುದು ಕ್ಷೇಮ. ದಕ್ಷಿಣದ ಪೆಮುಚಿ ತೀರ ಅಷ್ಟೇ ಸುಂದರವಾದರೂ ಸೆಳೆತದ ಕಾರಣದಿಂದ ಅಲ್ಲಿ ಈಜುವುದೇ ನಿಷಿದ್ಧ.

ನಿಶಿಹಾಮದಲ್ಲಿ ನಿಂತರೆ ಉತ್ತರಕ್ಕೆ ಸುಮಾರು 20 ಕಿಲೋಮೀಟರ್ ದೂರದಲ್ಲಿ ಇರಿಯೊಮೊತೆ ದ್ವೀಪದ ಬೆಟ್ಟಗಳು ಕಾಣುತ್ತವೆ. ದಟ್ಟ ಕಾಡು, ನದಿ, ಜೌಗು ತುಂಬಿದ ಇರಿಯೊಮೊತೆ ಒಂದು ಕಾಲಕ್ಕೆ ಮಲೇರಿಯಾದ ತವರಾಗಿತ್ತು. ಹೊಳೆ, ಜೌಗು ಇಲ್ಲದ ಹತೆರುಮಕ್ಕೆ ಆ ಕಾಟವಿರಲಿಲ್ಲ. ಆದರೆ ಯುದ್ಧಕಾಲದಲ್ಲಿ, 1945ರ ವಸಂತದಲ್ಲಿ, ಜಪಾನಿ ಸೇನೆ ಹತೆರುಮದ ಸುಮಾರು 1,500 ಜನರನ್ನು ಬಲವಂತವಾಗಿ ಇರಿಯೊಮೊತೆಗೆ ಸಾಗಿಸಿತು. ಅವರ ದನ, ಹಂದಿ, ಆಡುಗಳನ್ನು ಕೊಲ್ಲಿಸಿತು. ಮಲೇರಿಯಾ ಬಹುತೇಕ ಎಲ್ಲರನ್ನೂ ಹಿಡಿಯಿತು. ಶಾಲೆಯ ಮುಖ್ಯೋಪಾಧ್ಯಾಯ ಶಿಕಿನಾ ಶಿನ್ಶೋ ಇಶಿಗಾಕಿ ದ್ವೀಪಕ್ಕೆ ಹೋಗಿ ಸೇನಾಧಿಕಾರಿಯ ಮುಂದೆ ಮೊರೆಯಿಟ್ಟ ಮೇಲಷ್ಟೇ ಊರಿಗೆ ಮರಳಲು ಒಪ್ಪಿಗೆ ಸಿಕ್ಕಿತು. ಮರಳಿದ ಮೇಲೂ ಸಾವು ನಿಲ್ಲಲಿಲ್ಲ. ದ್ವೀಪದ ಮೂರನೇ ಒಂದು ಭಾಗದಷ್ಟು ಜನ ಮಡಿದರು. ಇದನ್ನು ಮರೆಯಬಾರದೆಂದು ಶಿಕಿನಾ ಅವರು ಇರಿಯೊಮೊತೆಯ ದಡದ ಬಂಡೆಯೊಂದರಲ್ಲಿ ಕೆತ್ತಿದ ಅಕ್ಷರಗಳು ಇಂದಿಗೂ ಇವೆ. ಬಣ್ಣ ನೋಡಲು ಬಂದ ಪ್ರವಾಸಿಗರು ಎದುರಿನ ಬೆಟ್ಟಗಳ ಈ ಕಥೆಯನ್ನೂ ತಿಳಿಯದೆ ಹೋದರೆ ದ್ವೀಪವನ್ನು ಅರ್ಧ ನೋಡಿದಂತೆಯೇ.

ದ್ವೀಪದ ಸಂಕಟ ಅದಕ್ಕೂ ಹಿಂದಿನದು. ಈ ದ್ವೀಪಗಳನ್ನು ಆಳುತ್ತಿದ್ದ ರ್‍ಯೂಕ್ಯೂ ಅರಸೊತ್ತಿಗೆಯ ಕಾಲದಲ್ಲಿ ಇಲ್ಲಿ ವಿಧಿಸಿದ ತಲೆಗಂದಾಯ 1903ರವರೆಗೂ ಉಳಿದಿತ್ತು. ಅದನ್ನು ತಾಳಲಾರದೆ 1648ರಲ್ಲಿ ಒಂದು ಊರಿನ ಜನ ರಾತ್ರೋರಾತ್ರಿ ದೋಣಿಯೇರಿ, ಇನ್ನೂ ದಕ್ಷಿಣದಲ್ಲಿರುವ ಕಂದಾಯವಿಲ್ಲದ ನಾಡನ್ನು ಹುಡುಕಿ ಹೋದರೆಂಬ ಐತಿಹ್ಯವಿದೆ.

ದ್ವೀಪದ ನಡುಭಾಗದಲ್ಲಿ ಐದು ಕೇರಿಗಳಿವೆ. ಹವಳದ ಕಲ್ಲಿನ ಪಾಗಾರ, ಚಂಡಮಾರುತ ತಡೆಯಲು ಒತ್ತಾಗಿ ನೆಟ್ಟ ಫುಕುಗಿ ಮರಗಳು, ಅವುಗಳ ಮರೆಯಲ್ಲಿ ಕೆಂಪು ಹೆಂಚಿನ ಮನೆಗಳು. ಕೇರಿಯವರೇ ಸೇರಿ ನಡೆಸುವ ಅಂಗಡಿಗಳಲ್ಲಿ ದಿನಬಳಕೆಯ ಸಾಮಾನು ಸಿಗುತ್ತದೆ. ಸುತ್ತಲೂ ಕಬ್ಬಿನ ಗದ್ದೆ. ಚಳಿಗಾಲದಲ್ಲಿ ಕಬ್ಬು ಕಡಿದು ಇಲ್ಲಿನ ಕಾರ್ಖಾನೆಯಲ್ಲಿ ಕೊಕುತೊ ಎಂಬ ಕಪ್ಪು ಬೆಲ್ಲ ಮಾಡುತ್ತಾರೆ. ರಸವನ್ನು ಸುಣ್ಣ ಹಾಕಿ ತಿಳಿಗೊಳಿಸಿ, ಕುದಿಸಿ ಗಟ್ಟಿಮಾಡುವ ಕ್ರಮ ಮಂಡ್ಯದ ಆಲೆಮನೆ ಕಂಡವರಿಗೆ ಪರಿಚಿತವೇ. ದ್ವೀಪದ ಭಟ್ಟಿಯಲ್ಲಿ ಇಳಿಸುವ ಅಕ್ಕಿಯ ಮದ್ಯ ಅವಾನಾಮಿ ಬಹಳ ಕಡಿಮೆ ಪ್ರಮಾಣದಲ್ಲಿ ತಯಾರಾಗುವುದರಿಂದ ಹೊರಗೆ ದುರ್ಲಭ.

ಆಗ್ನೇಯದ ತಕಾನಾಸಾಕಿಯಲ್ಲಿ ತೀರದ ಚೆಲುವು ಬಂಡೆಗಳ ಒರಟುತನಕ್ಕೆ ತಿರುಗುತ್ತದೆ. ಅಲ್ಲಿ ದಕ್ಷಿಣದ ಕೊನೆಯನ್ನು ಗುರುತಿಸುವ ಸ್ಮಾರಕಶಿಲೆಯಿದೆ. ಒಕಿನಾವಾ 1972ರಲ್ಲಿ ಅಮೆರಿಕದ ಆಡಳಿತದಿಂದ ಜಪಾನಿಗೆ ಮರಳಿದ ನೆನಪಿಗೆ, ದೇಶದ ಎಲ್ಲೆಡೆಯಿಂದ ತಂದ ಕಲ್ಲುಗಳನ್ನು ಹೆಣೆದುಕೊಂಡ ಎರಡು ಹಾವುಗಳಂತೆ ಅಲ್ಲೇ ಜೋಡಿಸಿದ್ದಾರೆ. ಹತ್ತಿರದಲ್ಲೇ ನಕ್ಷತ್ರ ವೀಕ್ಷಣಾಲಯವೂ ಇದೆ. ಕರ್ನಾಟಕದಲ್ಲಿ ಬೇಸಿಗೆಯ ರಾತ್ರಿಗಳಲ್ಲಿ ಸುಲಭವಾಗಿ ಕಾಣುವ ತ್ರಿಶಂಕು ನಕ್ಷತ್ರಪುಂಜ ಜಪಾನಿನ ಹೆಚ್ಚಿನ ಭಾಗಕ್ಕೆ ಪೂರ್ತಿಯಾಗಿ ಕಾಣುವುದೇ ಇಲ್ಲ. ಹತೆರುಮದಲ್ಲಿ ಅದು ದಿಗಂತದ ಮೇಲೆ ತುಸುವೇ ಎದ್ದು ಮುಳುಗುತ್ತದೆ. ಅದಕ್ಕಾಗಿಯೇ ಬರುವವರೂ ಇದ್ದಾರೆ.

ದ್ವೀಪಕ್ಕೆ ಬರಲು ಮೊದಲು ಟೋಕಿಯೊದಿಂದಲೋ ಒಕಿನಾವಾದ ನಾಹಾದಿಂದಲೋ ವಿಮಾನದಲ್ಲಿ ಇಶಿಗಾಕಿ ಸೇರಬೇಕು. ಅಲ್ಲಿಂದ ವೇಗದ ದೋಣಿಯಲ್ಲಿ ಒಂದು ಗಂಟೆಗೂ ಮಿಕ್ಕಿದ ಪಯಣ. ಈ ಮಾರ್ಗದ ಒಂದು ಭಾಗ ಹವಳದಿಬ್ಬದ ರಕ್ಷಣೆಯಿಲ್ಲದ ತೆರೆದ ಕಡಲಿನದಾದ್ದರಿಂದ ಚಳಿಗಾಲದ ಉತ್ತರದ ಗಾಳಿಗೂ ಬೇಸಿಗೆಯ ಚಂಡಮಾರುತಗಳಿಗೂ ದೋಣಿಗಳು ಆಗಾಗ ರದ್ದಾಗುತ್ತವೆ. ಈಜಲು ಏಪ್ರಿಲ್‌ನಿಂದ ಅಕ್ಟೋಬರ್ ಸೂಕ್ತ. ತಂಗಲು ಮನೆಯವರೇ ನಡೆಸುವ, ಮಿನ್ಶುಕು ಎಂಬ ವಸತಿಗೃಹಗಳಿವೆ. ಕೋಣೆಗಳು ಕಡಿಮೆ, ಮೊದಲೇ ಕಾದಿರಿಸಬೇಕು. ಒಳಗೆ ತಿರುಗಾಡಲು ಬಾಡಿಗೆ ಸೈಕಲ್ಲೇ ಸಾಕು. ವಾಪಸು ದೋಣಿ ತಪ್ಪಿದರೂ ತೊಂದರೆಯಾಗದಂತೆ ಒಂದೆರಡು ದಿನ ಬಿಡುವಿಟ್ಟುಕೊಂಡು ಮುಂದಿನ ವಿಮಾನದ ಟಿಕೆಟ್ ಮಾಡಿಸುವುದು ಒಳ್ಳೆಯದು.