ಟೆಡ್ಡಿಗಿಲ್ಲ ವಯೋಮಿತಿ!

ನೇಮಕಾತಿ ಅಧಿಸೂಚನೆ ಬಂದ ಕೂಡಲೇ ನಾವೆಲ್ಲ ಮೊದಲು ನೋಡುವುದು ವಯೋಮಿತಿಯನ್ನು. ಗೊಂಬೆಗಳಿಗೂ ಜನ ಅಂಥದ್ದೇ ಒಂದು ವಯೋಮಿತಿ ಹಾಕಿಬಿಟ್ಟಿದ್ದಾರೆ. ಐದಾರು ವರ್ಷದವರೆಗೆ ಓಕೆ. ಆಮೇಲೆ ಹುಡುಗಿಯರಿಗೆ ಕೊಂಚ ಸಡಿಲಿಕೆ ಉಂಟು. ಬರ್ತ್‌ಡೇಗೆ, ವ್ಯಾಲೆಂಟೈನ್ಸ್ ಡೇಗೆ ಟೆಡ್ಡಿ ಬಂದರೆ ಯಾರೂ ಏನೂ ಅನ್ನುವುದಿಲ್ಲ. ಹುಡುಗರಿಗೆ ಮಾತ್ರ ಯಾವ ರಿಯಾಯಿತಿಯೂ ಇಲ್ಲ. ಇಪ್ಪತ್ತಾರು ವರ್ಷದ ನನ್ನ ಹಾಸಿಗೆಯ ಮೇಲೊಂದು ಬಟ್ಟೆಯ ಆನೆಮರಿ ಇದೆ ಎಂದರೆ ನಗದವರೇ ಕಡಿಮೆ.

ನಕ್ಕವರಿಗೆ ನಾನು ಜರ್ಮನಿಯ ಮಾರ್ಗರೆಟ್ ಸ್ಟೈಫ್ ಕತೆ ಹೇಳುತ್ತೇನೆ. ಪುಟ್ಟ ಮಗುವಾಗಿದ್ದಾಗಲೇ ಪೋಲಿಯೊಗೆ ತುತ್ತಾಗಿ ಗಾಲಿಕುರ್ಚಿ ಹಿಡಿದ ಹೆಣ್ಣುಮಗಳು ಆಕೆ. ಹೊಲಿಗೆಯಿಂದಲೇ ಬದುಕು ಕಟ್ಟಿಕೊಂಡಳು. 1880ರಲ್ಲಿ ಗುಂಡುಸೂಜಿ ಚುಚ್ಚಿಡಲೆಂದು ಬಟ್ಟೆಯ ಪುಟ್ಟ ಆನೆಯೊಂದನ್ನು ಮಾಡಿದಳು. ಅದನ್ನು ಮಕ್ಕಳು ಎತ್ತಿಕೊಂಡು ಆಡತೊಡಗಿದರು. ಸೂಜಿ ಮರೆತುಹೋಯಿತು, ಆನೆ ಆಟಿಕೆಯಾಯಿತು. ಮುಂದೆ ಅದೇ ಕಂಪನಿಯಲ್ಲಿ ಆಕೆಯ ತಮ್ಮನ ಮಗ ರಿಚರ್ಡ್ 1902ರಲ್ಲಿ ಕೈಕಾಲು ಆಡಿಸುವ ಕರಡಿಯನ್ನು ರೂಪಿಸಿದ.

ಅದೇ ವರ್ಷ ಅತ್ತ ಅಮೆರಿಕದಲ್ಲಿ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಮಿಸಿಸಿಪ್ಪಿಗೆ ಬೇಟೆಗೆ ಹೋಗಿದ್ದರು. ಜೊತೆಗಿದ್ದವರು ಕರಡಿಯೊಂದನ್ನು ಮರಕ್ಕೆ ಕಟ್ಟಿ ‘ಹೊಡೆಯಿರಿ’ ಎಂದರೆ, ಕಟ್ಟಿಹಾಕಿದ ಪ್ರಾಣಿಗೆ ಗುಂಡು ಹಾರಿಸಲು ಅವರು ಒಪ್ಪಲಿಲ್ಲ. ವಾಷಿಂಗ್ಟನ್ ಪೋಸ್ಟ್‌ನಲ್ಲಿ ಕ್ಲಿಫರ್ಡ್ ಬೆರಿಮನ್ ಬರೆದ ವ್ಯಂಗ್ಯಚಿತ್ರ ಈ ಸುದ್ದಿಯನ್ನು ಮನೆಮನೆಗೆ ತಲುಪಿಸಿತು. ಬ್ರೂಕ್ಲಿನ್‌ನ ಅಂಗಡಿಕಾರ ಮಿಚ್‌ಟಮ್ ದಂಪತಿ ಬಟ್ಟೆಯ ಕರಡಿ ಹೊಲಿದು, ರೂಸ್‌ವೆಲ್ಟರ ಅಡ್ಡಹೆಸರಿನಲ್ಲಿ ‘ಟೆಡ್ಡಿ’ಯ ಕರಡಿ ಎಂದು ಮಾರಾಟಕ್ಕಿಟ್ಟರು. ಬಂದೂಕು ಹಿಡಿದ ದೊಡ್ಡ ಗಂಡಸೊಬ್ಬನ ಹೆಸರನ್ನೇ ಹೊತ್ತ ಗೊಂಬೆ ಹುಡುಗರಿಗೆ ಮಾತ್ರ ವರ್ಜ್ಯವಾದದ್ದು ಹೇಗೋ!

ಮೆತ್ತನೆಯದನ್ನು ತಬ್ಬಿಕೊಳ್ಳುವ ಆಸೆ ಬರೀ ಮಕ್ಕಳಾಟವಲ್ಲ. ಮನೋವಿಜ್ಞಾನಿ ಹ್ಯಾರಿ ಹಾರ್ಲೊ 1958ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ಬಿ.ಇಡಿ, ಟಿಇಟಿಗೆ ಓದುವವರು ಕೇಳಿರಬಹುದು. ತಾಯಿಯಿಂದ ಅಗಲಿಸಿದ ಕೋತಿಮರಿಗಳಿಗೆ ಎರಡು ‘ತಾಯಂದಿರು’. ಒಂದು ತಂತಿಯದು, ಇನ್ನೊಂದು ಮೆತ್ತನೆ ಬಟ್ಟೆ ಸುತ್ತಿದ್ದು. ಹಾಲಿನ ಬಾಟಲಿ ತಂತಿಯ ತಾಯಿಯ ಬಳಿ ಇದ್ದರೂ ಮರಿಗಳು ಹೊಟ್ಟೆ ತುಂಬಿದೊಡನೆ ಬಟ್ಟೆಯ ತಾಯಿಗೇ ಹೋಗಿ ಅಂಟಿಕೊಳ್ಳುತ್ತಿದ್ದವು. ಪ್ರಯೋಗ ಕ್ರೂರವೇ ಹೌದು. ಆದರೆ ಹಸಿವಿನಷ್ಟೇ ಸ್ಪರ್ಶವೂ ಜೀವಕ್ಕೆ ಬೇಕು ಎಂಬುದನ್ನು ಅದು ತೋರಿಸಿಕೊಟ್ಟಿತು. ಬ್ರಿಟನ್ನಿನ ಮಕ್ಕಳ ವೈದ್ಯ ಡೊನಾಲ್ಡ್ ವಿನಿಕಾಟ್ ಇಂಥ ಗೊಂಬೆ, ಕಂಬಳಿ ತುಂಡುಗಳಿಗೆ ‘ಟ್ರಾನ್ಸಿಷನಲ್ ಆಬ್ಜೆಕ್ಟ್’ ಎಂದು ಹೆಸರಿಟ್ಟರು. ಅಮ್ಮನ ಮಡಿಲಿನಿಂದ ಹೊರಜಗತ್ತಿಗೆ ದಾಟುವಾಗ ಮಗು ಕೈಯಲ್ಲಿ ಹಿಡಿದುಕೊಳ್ಳುವ ವಸ್ತು ಅದು. ಅದನ್ನು ತೊಳೆದರೆ ಪರಿಚಿತ ವಾಸನೆ ಹೋಗಿ ಮಗುವಿಗೆ ಕಸಿವಿಸಿಯಾಗುತ್ತದೆ ಎಂಬುದನ್ನೂ ಅವರು ಗಮನಿಸಿದ್ದರು.

ಹಾಗೆ ನೋಡಿದರೆ ನಾವು, ಉದ್ಯೋಗಾಕಾಂಕ್ಷಿಗಳು, ಇನ್ನೂ ದಾಟುತ್ತಲೇ ಇರುವವರು. ಕಾಲೇಜು ಮುಗಿದಿದೆ, ಕೆಲಸ ಸಿಕ್ಕಿಲ್ಲ. ಧಾರವಾಡದ ಸಪ್ತಾಪುರದಲ್ಲಿ ರೂಮು ಮಾಡಿಕೊಂಡು ಪರೀಕ್ಷೆಗೆ ಓದಲು ಬಂದಾಗ ಪುಸ್ತಕಗಳ ಜೊತೆ ನಾನು ತಂದದ್ದು ಆ ಆನೆಮರಿಯನ್ನು. ನಮ್ಮ ಆಯಿ ತನ್ನ ಹಳೆಯ ಇಳಕಲ್ ಸೀರೆಯಲ್ಲಿ ಕೌದಿ ಹೊಲಿದು, ಉಳಿದ ತುಂಡಿನೊಳಗೆ ಹತ್ತಿ ತುಂಬಿ, ಅಂಗಿಯ ಗುಂಡಿಗಳನ್ನು ಕಣ್ಣಾಗಿಸಿ ಮಾಡಿಕೊಟ್ಟದ್ದು. ಆಯಿ ಈಗಿಲ್ಲ. “ಏನಲೇ, ಆನಿ ಸಾಕೀಯೇನ?” ಎಂದು ರೂಮ್‌ಮೇಟ್ ದಿನಾ ಕಾಡುತ್ತಿದ್ದ. ಕಳೆದ ವರ್ಷ ಆಯ್ಕೆಪಟ್ಟಿ ಬಂತು. ಅರ್ಧ ಅಂಕದಲ್ಲಿ ಅವನ ಹೆಸರು ತಪ್ಪಿತ್ತು. ಊರಿನಿಂದ ಬಂದ ಫೋನುಗಳಿಗೆಲ್ಲ “ಮುಂದಿನ ಸಲ ನೋಡೋಣು” ಎಂದು ನಗುತ್ತಲೇ ಉತ್ತರಿಸಿದ. ನಡುರಾತ್ರಿ ನನಗೆ ಎಚ್ಚರವಾದಾಗ ಅವನು ಗೋಡೆಯ ಕಡೆ ಮುಖ ಮಾಡಿ, ಆನೆಮರಿಯನ್ನು ಎದೆಗೊತ್ತಿಕೊಂಡು ಮಲಗಿದ್ದ. ನಾನು ಮಾತಾಡಿಸಲಿಲ್ಲ. ಅಂದಿನಿಂದ ಅವನು ಕಾಡುವುದನ್ನು ಬಿಟ್ಟ.

ಗೊಂಬೆ ಏನು ಮಾಡುತ್ತದೆ ಎಂದರೆ, ಏನೂ ಮಾಡುವುದಿಲ್ಲ. ‘ಕಟ್ ಆಫ್ ಎಷ್ಟು?’ ಎಂದು ಕೇಳುವುದಿಲ್ಲ, ‘ಅವರ ಮಗ ಪಿಎಸ್‌ಐ ಆದ’ ಎಂದು ಹೋಲಿಸುವುದಿಲ್ಲ. ಆ ಕ್ಷಣಕ್ಕೆ ಅಷ್ಟು ಸಾಕು. ಹಾಗೆಂದು ಅದು ಮನುಷ್ಯರಿಗೆ ಬದಲಿಯಲ್ಲ. ವಾರಗಟ್ಟಲೆ ನಿದ್ದೆ ಬಾರದಿದ್ದರೆ, ಯಾವುದೂ ಬೇಡವೆನಿಸಿದರೆ ಗೆಳೆಯರೊಡನೆ, ವೈದ್ಯರೊಡನೆ ಬಾಯಿಬಿಟ್ಟು ಮಾತಾಡಲೇಬೇಕು. ರೂಮ್‌ಮೇಟ್ ಮತ್ತು ನಾನು ಈಗ ಸಂಜೆ ಚಹಾಕ್ಕೆ ಹೋದಾಗ ಸೋಲಿನ ಬಗ್ಗೆಯೂ ಮಾತಾಡುತ್ತೇವೆ.

ಮಕ್ಕಳಿಗೆ ಕೊಳ್ಳುವವರಿಗೆ ಎರಡು ಮಾತು. 2021ರ ಜನವರಿ 1ರಿಂದ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯ, ನೋಡಿ ಕೊಳ್ಳಿ. ವರ್ಷ ತುಂಬದ ಕೂಸು ಮಲಗುವಾಗ ಪಕ್ಕದಲ್ಲಿ ಮೆತ್ತನೆ ಗೊಂಬೆ ಇಡಬೇಡಿ, ಉಸಿರುಕಟ್ಟುವ ಅಪಾಯವಿದೆ. ಇನ್ನು, ಮನೆಯ ಪುಟ್ಟ ಹುಡುಗ ಜಾತ್ರೆಯಲ್ಲಿ ಕಾರು, ಗನ್ನು ಬಿಟ್ಟು ಕರಡಿಯ ಕಡೆ ಕೈ ತೋರಿಸಿದರೆ ‘ನೀನೇನು ಹುಡುಗೀನಾ?’ ಎನ್ನಬೇಡಿ. ಸುಮ್ಮನೆ ಕೊಡಿಸಿಬಿಡಿ.